ಬೇಲಿಯ ಹೊರಗಿನ ಒಲೆ

ಓತಾಮುರುವಿನ ಸಭಾಮನೆಯಲ್ಲಿ ಆ ಶನಿವಾರ ಊಟಕ್ಕೆ ಜನರಿದ್ದರು, ತೀರ್ಮಾನಕ್ಕೆ ಜನರಿರಲಿಲ್ಲ. ಹೊಗೆಯಲ್ಲಿ ಹದಗೊಳಿಸಿದ ಹಾವುಮೀನು, ಎಣ್ಣೆಯಲ್ಲಿ ಕರಿದ ರೊಟ್ಟಿ, ಹಂಡೆ ತುಂಬ ಚಹಾ, ಯಾವುದಕ್ಕೂ ಕೊರತೆಯಿರಲಿಲ್ಲ. ನದೀಮುಖದ ಜಮೀನಿನಲ್ಲಿ ನಮ್ಮವರಿಗೆ ಆರು ಮನೆ ಕಟ್ಟಬೇಕೇ ಎಂದು ಒಡೆಯರು ಮತ ಹಾಕಬೇಕಿತ್ತು. ನಮ್ಮೂರಿನವರಿಗೆ ಅರ್ಜಿ ಬರೆದುಕೊಡುವ ರೀಪೆಕಾ, ಭೂನ್ಯಾಯಾಲಯದಿಂದ ತಂದ ಒಡೆಯರ ಪಟ್ಟಿಯನ್ನು ಓದಿದಳು. ಇಪ್ಪತ್ತಮೂರು ಹೆಸರು. ಅವರಲ್ಲಿ ಒಂಬತ್ತು ಮಂದಿ ಚಾಪೆಯ ಮೇಲೆ ಕುಳಿತಿದ್ದರು. ಉಳಿದ ಹದಿನಾಲ್ಕು ಮಂದಿ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗಿಂದ ನೋಡುತ್ತಿದ್ದರು.

"ಅವ್ರು ಕೈ ಎತ್ತಿದ್ರೆ ಮೊದ್ಲು ಬಾಗಿಲಿಗೆ ಓಡೋನು ನಾನೇ," ಎಂದ ತಾಮತಿ. ಎಲ್ಲರೂ ನಕ್ಕರು. ಮತ ಸಾಲದೆ ಸಭೆಯನ್ನು ಮುಂದೂಡಿದರು.

ನಗದವರು ಒಬ್ಬರೇ, ಎಂಬತ್ತೆಂಟರ ಮಾತೆರೋವಾ ಅಜ್ಜಿ. ಆ ಜಮೀನು ಊರಿಗೆ ಮರಳಿದ್ದು ಅವರಿಂದ.

ಅವರಿಗೆ ಒಂಬತ್ತು ವರ್ಷವಾಗಿದ್ದಾಗ ಸರ್ಕಾರ ಅದನ್ನು ಸೈನಿಕರ ಗುಂಡಿನ ಅಭ್ಯಾಸಕ್ಕೆಂದು ತೆಗೆದುಕೊಂಡಿತು. ಯುದ್ಧ ಮುಗಿದ ಮೇಲೆ ಕೊಡುತ್ತೇವೆಂದಿತು. ಯುದ್ಧ ಮುಗಿಯಿತು, ಬೇಲಿ ಉಳಿಯಿತು, ಒಳಗೆ ಯಾರದೋ ಕುರಿಗಳು ಮೇದವು. ಒಲೆ ಆರಿದ ನೆಲದ ಮೇಲೆ ಹಕ್ಕೂ ತಣ್ಣಗಾಗುತ್ತದೆ ಎಂಬುದು ನಮ್ಮ ಹಿರಿಯರು ಕಟ್ಟಿದ ನಿಯಮ. ಒಳಗೆ ಒಲೆ ಹೂಡಲು ಬಿಡದಿದ್ದಾಗ ಇಪ್ಪತ್ತನಾಲ್ಕರ ಮಾತೆರೋವಾ, ಅಕ್ಕ ನಾಹಿರಾಕಾಳನ್ನು ಕರೆದುಕೊಂಡು ಹೋಗಿ ಬೇಲಿಗೆ ಒತ್ತಿಕೊಂಡೇ ಬೆಂಕಿ ಹಚ್ಚಿ ಚಹಾ ಕಾಸಿದರು. ಜಮೀನು ಕೈತಪ್ಪಿದ ದಿನದಂದೇ ಪ್ರತಿವರ್ಷ ಹಾಗೆ ಮಾಡಿದರು. ಬೆಂಕಿ ಆರಿಸಲು ಬಂದ ಪೊಲೀಸನಿಗೆ, "ಸಕ್ಕರೆ ಎಷ್ಟು ಚಮಚ?" ಎಂದು ಕೇಳಿದರು. ಮಂತ್ರಿಗಳಿಗೆ ಪತ್ರ ಬರೆದರು. ಮಂತ್ರಿಗಳು ಬದಲಾದರು, ಪತ್ರ ಬದಲಾಗಲಿಲ್ಲ. ಕೊನೆಗೆ ವಿಚಾರಣೆ ನಡೆದಾಗ ಎದುರು ವಕೀಲರು, ಈ ನೆಲವನ್ನು ನೀವು ಬಿಟ್ಟುಕೊಟ್ಟಿಲ್ಲವೆಂಬುದಕ್ಕೆ ಸಾಕ್ಷಿಯೇನೆಂದು ಕೇಳಿದರು. ಮಾತೆರೋವಾ ಚೀಲದಿಂದ ಕರಿ ಕೆಟಲನ್ನು ತೆಗೆದು ಅವರ ಮೇಜಿನ ಮೇಲಿಟ್ಟರು.

"ಇದರ ತಳದ ಮಸಿ ಕೆರೀರಿ ಸ್ವಾಮಿ. ಒಂದೊಂದು ಪದರಕ್ಕೆ ಒಂದೊಂದು ವರ್ಷ."

ಐವತ್ತೊಂಬತ್ತನೆಯ ಬೆಂಕಿಯ ವರ್ಷ ಬೇಲಿ ಕಿತ್ತರು. ಆ ನೆಲದೊಳಗಿನ ಮನೆಯೊಂದರಲ್ಲಿ ಒಲೆ ಉರಿಯುವುದನ್ನು ಕಾಣಬೇಕೆಂಬುದು ಅಜ್ಜಿಗೆ ಉಳಿದಿದ್ದ ಒಂದೇ ಆಸೆ. ಅದಕ್ಕೀಗ ಅಡ್ಡ ನಿಂತಿದ್ದು ಸರ್ಕಾರವಲ್ಲ, ನಮ್ಮದೇ ಪಟ್ಟಿ.

ಮೂರು ತಿಂಗಳಲ್ಲಿ ಹದಿಮೂರು ಮನೆಯವರು, ಸತ್ತವರ ಪಾಲನ್ನು ಮಕ್ಕಳ ಹೆಸರಿಗೆ ಮಾಡಿಸಲು, ವಾರಸಾ ಅರ್ಜಿ ಹಾಕಿದರು. ಉಳಿದದ್ದು ತೀರಿಹೋದ ನಾಹಿರಾಕಾಳ ಹೆಸರು. ಪಾಲು ಎಲ್ಲಕ್ಕಿಂತ ದೊಡ್ಡದು. ಅದನ್ನು ಬಿಟ್ಟು ಮತದ ಲೆಕ್ಕ ಕೂಡುವಂತಿರಲಿಲ್ಲ. ಅವಳ ಮಗನೇ ಆ ತಾಮತಿ.

ರೀಪೆಕಾ ಅರ್ಜಿ ಹಿಡಿದು ಹೋದಾಗ ಅವನು ನದಿಯ ದಡದಲ್ಲಿ ಹಾವುಮೀನು ಸೀಳುತ್ತಿದ್ದ.

"ಬಾರಮ್ಮ, ಕಾಗದದ ರಾಣಿ. ಮೀನು ಬೇಕಾದ್ರೆ ಕೊಡ್ತೀನಿ, ಸಹಿ ಕೇಳ್ಬೇಡ."

"ಯಾಕೆ ಮಾವ?"

"ಸರ್ಕಾರಕ್ಕೆ ನಮ್ಮೋರು ಒಂದ್ಸಲ ಕಾಗದ ಕೊಟ್ಟು ನೋಡಿದಾರಲ್ಲ. ಜಮೀನು ವಾಪಸ್ ಬರೋಕೆ ಎಪ್ಪತ್ತನಾಲ್ಕು ವರ್ಷ ಹಿಡೀತು."

"ಇದು ಜಮೀನು ಕೊಡೋ ಕಾಗದ ಅಲ್ಲ ಮಾವ. ನಿಮ್ಮಮ್ಮನ ಪಾಲು ನಿಮಗೂ ನಿಮ್ಮ ಇಬ್ಬರು ತಂಗೀರಿಗೂ ಬರೋ ಕಾಗದ. ಮರಣ ಪ್ರಮಾಣಪತ್ರ ಬೇಕು, ಉಯಿಲು ಇದ್ರೆ ಅದು, ಮಕ್ಕಳ ಹೆಸರು. ಇಷ್ಟೇ. ಬರೆಯೋಕೆ ನಾನಿದೀನಿ."

"ತಂಗೀರು ಸಿಡ್ನೀಲಿದಾರೆ."

"ಅಲ್ಲಿ ಅಂಚೆ ಇಲ್ವಾ? ಫೋನ್ ಇಲ್ವಾ? ಮೊನ್ನೆ ರಗ್ಬಿ ನೋಡ್ತಾ ಅವರನ್ನ ಫೋನಲ್ಲಿ ಅಷ್ಟು ಬೈದ್ರಲ್ಲ!"

ತಾಮತಿಗೆ ನಗು ಬಂತು, ತಡೆದುಕೊಂಡ. ಚಾಕುವನ್ನು ಹಲಗೆಯ ಮೇಲಿಟ್ಟು ಮೆಲ್ಲಗೆ ಹೇಳಿದ:

"ಅಮ್ಮನ ಹೆಸರು ಅಲ್ಲಿರೋವರೆಗೂ ಅವಳು ಅಲ್ಲಿ ನಿಂತಿದಾಳೆ ಅನ್ಸುತ್ತೆ ಕಣೆ. ನನ್ ಕೈಯಾರೆ ಅಳಿಸು ಅಂತೀಯಲ್ಲ. ಅವಳನ್ನ ಇನ್ನೊಂದ್ಸಲ ಮಣ್ಣು ಮಾಡ್ಲಾ?"

ಉತ್ತರ ಬಂದದ್ದು ರೀಪೆಕಾ ಬಂದಿದ್ದ ಕಾರಿನ ಕಿಟಕಿಯಿಂದ.

"ಲೋ ತಾಮತಿ, ನಿಮ್ಮಮ್ಮ ಸತ್ತ ವರ್ಷ ಬೇಲಿ ಹತ್ರ ಬೆಂಕಿ ಹಚ್ಚಿದ್ದು ಯಾರು?"

ತಾಮತಿ ತಿರುಗಿ ನೋಡಿದ. ಒಳಗೆ ಮಾತೆರೋವಾ ಅಜ್ಜಿ. "ಚಿಕ್ಕಮ್ಮ! ನೀವು ಕಾರಲ್ಲಿ ಅಡಗಿ ಕೂತಿದೀರಾ?"

"ಅಡಗೋಕೆ ನಾನೇನು ಇಲೀನಾ? ಮಂಡಿ ನೋವು, ಇಳೀಲಿಲ್ಲ. ಕೇಳಿದ್ದಕ್ಕೆ ಹೇಳು."

"ನಾನೇ ಹಚ್ಚಿದ್ದು. ನಿಮಗೆ ಜ್ವರ ಬಂದಿತ್ತು."

"ಬೆಂಕಿ ಕಡ್ಡಿ ಯಾವಾಗ್ಲೂ ನಿಮ್ಮಮ್ಮನ ಕೈಲಿರ್ತಿತ್ತು. ಅವತ್ತು ನೀನು, 'ಇದು ಅಮ್ಮನ ಕೆಲ್ಸ, ನಾನು ಮುಟ್ಟಲ್ಲ' ಅಂತ ಕೂತಿದ್ರೆ?"

ತಾಮತಿ ಹಲಗೆಯ ಮೇಲಿನ ಚಾಕುವನ್ನು ಅತ್ತ ಸರಿಸಿದ.

"ಒಲೆ ಆರ್ತಿತ್ತು. ಆ ವಕೀಲ ಗೆಲ್ತಿದ್ದ. ನೀನು ಹಚ್ಚಿದ್ದಕ್ಕೆ ನಿಮ್ಮಮ್ಮ ಅಳಿಸಿ ಹೋದ್ಲಾ? ಆ ಬೆಂಕಿ ಮುಂದೆ ನಿಂತು ಮೊದ್ಲು ಯಾರ ಹೆಸರು ಕೂಗ್ದೆ?"

"ಅಮ್ಮಂದು. ಆಮೇಲೆ ನಂದು."

"ಕಾಗದಾನೂ ಅಷ್ಟೇ ಮಗಾ. ನಾಹಿರಾಕಾ, ಅವಳ ಕೆಳಗೆ ತಾಮತಿ. ಅವಳೇನೂ ಕಾಲ್ಕಿತ್ತು ಹೋಗಲ್ಲ. ನಿನ್ನ ಬೆನ್ನ ಹಿಂದೆ ನಿಂತ್ಕೋತಾಳೆ."

ರೀಪೆಕಾ ಮೆತ್ತಗೆ ಸೇರಿಸಿದಳು: "ನ್ಯಾಯಾಲಯದ ಹಳೇ ದಾಖಲೇಲಿ ನಿಮ್ಮಮ್ಮನ ಹೆಸರು ಹಾಗೇ ಇರುತ್ತೆ ಮಾವ. ಯಾರಿಂದ ಯಾರಿಗೆ ಬಂತು ಅಂತ ನಾಳೆ ನಿಮ್ಮ ಮೊಮ್ಮಕ್ಕಳೂ ನೋಡ್ಬಹುದು."

ತಾಮತಿ ಕೈ ತೊಳೆದು ಒಳಗೆ ಹೋದ. ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ಮುಚ್ಚಳ ತೆರೆದ. ತಾಯಿಯ ಮರಣಪತ್ರ ನಾಲ್ಕು ಮಡಿಕೆಯಾಗಿ ಅದರಲ್ಲಿತ್ತು.

"ಮೀನಿನ ವಾಸನೆ ಹತ್ತಿದ್ರೆ ನ್ಯಾಯಾಧೀಶರು ಬೈತಾರಾ?"

"ಮೀನು ಕೊಡದೆ ಬರೀ ವಾಸನೆ ಕಳ್ಸಿದ್ರೆ ಬೈತಾರೆ," ಎಂದರು ಅಜ್ಜಿ.

ಮುಂದಿನ ಸಭೆಯಲ್ಲಿ ಪಟ್ಟಿ ಓದಿದಾಗ ಹೆಸರುಗಳಿಗೆಲ್ಲ ಚಾಪೆಯಿಂದಲೇ ಓಗೊಡಲಾಯಿತು. ಸಿಡ್ನಿಯ ಇಬ್ಬರು ಮಾತ್ರ ಫೋನಿನಲ್ಲಿ ಓಗೊಟ್ಟರು. ಮತಕ್ಕೆ ಕೈಗಳೆದ್ದವು. ಗೋಡೆಯ ಮೇಲಿನವರು ತಮ್ಮ ಜಾಗದಲ್ಲೇ ಇದ್ದರು. ಈ ಸಲ ಅವರನ್ನು ನೋಡಿ ಯಾರಿಗೂ ನಾಚಿಕೆಯಾಗಲಿಲ್ಲ.

ಮರುವರ್ಷ, ಜಮೀನು ಕಳೆದುಕೊಂಡ ಅದೇ ದಿನ, ಮೊದಲ ಮನೆಯ ಬಾಗಿಲು ತೆರೆಯಿತು. ಅದು ಮಾತೆರೋವಾ ಅಜ್ಜಿಯ ಮನೆ. ಅವರು ಬೆಂಕಿಪೊಟ್ಟಣವನ್ನು ತಾಮತಿಯ ಕೈಗಿತ್ತರು. ಅವನು ತಾಯಿಯ ಹೆಸರು ಹೇಳಿದ, ತನ್ನ ಹೆಸರು ಹೇಳಿದ, ತಂಗಿಯರ ಹೆಸರು ಹೇಳಿ ಒಲೆ ಹಚ್ಚಿದ. ಕರಿ ಕೆಟಲು ಮೇಲೇರಿತು. ನದಿಯ ಕಡೆಯಿಂದ ಚಳಿಗಾಳಿ ಒಳನುಗ್ಗಿತು. ಊರಿಗೆ ಊರೇ ಹೊಸ್ತಿಲಲ್ಲಿ ನಿಂತು ನೋಡುತ್ತಿತ್ತು. ಅಜ್ಜಿ ಕುರ್ಚಿಯಲ್ಲಿ ನೆಟ್ಟಗೆ ಕುಳಿತು ಹೇಳಿದರು:

"ಐವತ್ತೊಂಬತ್ತು ವರ್ಷ ಗಾಳೀಲೇ ಚಹಾ ಕುಡ್ದಿದೀನಿ. ಎಲ್ರೂ ಒಳಗೆ ಬನ್ನಿ, ಬಾಗಿಲು ಹಾಕ್ಕೊಳ್ಳಿ."

ಇದನ್ನು ಓದುತ್ತಿರುವ, ಕೇಳುತ್ತಿರುವ ಬಂಧುಗಳೇ, ಇಂದು ಸಂಜೆ ನಿಮ್ಮ ಮನೆಯ ಗೋಡೆಯತ್ತ ಒಮ್ಮೆ ಕಣ್ಣೆತ್ತಿ ನೋಡಿ. ಚಿತ್ರದಲ್ಲಿರುವ ಯಾರ ಹೆಸರಿನಲ್ಲಿ ಜಮೀನು ಇನ್ನೂ ನಿಂತಿದೆ? ಮನೆಯ ಹಿರಿಯರನ್ನು ಕೇಳಿ. ಡಬ್ಬಿಯಲ್ಲಿ, ಪೆಟ್ಟಿಗೆಯಲ್ಲಿ ಮಡಿಸಿಟ್ಟ ಮರಣಪತ್ರವನ್ನು ಹುಡುಕಿ ತೆಗೆಯಿರಿ. ಒಡಹುಟ್ಟಿದವರೆಲ್ಲರ ಹೆಸರು ಬರೆಯಿರಿ, ದೂರದೂರಿನಲ್ಲಿ ಇರುವವರನ್ನೂ ಬಿಡಬೇಡಿ. ವಾರಸಾ ಅರ್ಜಿಯನ್ನು ಹಾಕಿಬಿಡಿ. ನಿಮ್ಮವರು ಅಷ್ಟು ಕಷ್ಟಪಟ್ಟು ಕಾಯ್ದ ಒಲೆ ಅದು. ಕಡ್ಡಿ ಈಗ ನಿಮ್ಮ ಕೈಯಲ್ಲಿದೆ.