ಮಧ್ಯಾಹ್ನದೊಳಗೆ ನಲವತ್ತಮೂರು ಎಲೆ

ಪಾಣೆಮಂಗಳೂರಿನ ಅಂಗಡಿಯೊಂದರಲ್ಲಿ ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ ಮುಡಿ ಕಟ್ಟುವ ರಮಾನಾಥನ ಬಲಗಾಲು ಮುರಿದು ಐವತ್ತೆರಡು ದಿನವಾಗಿತ್ತು. ಬಸ್ಸೊಂದು ಹಿಂದಕ್ಕೆ ಬರುವಾಗ ಡ್ರೈವರ್ ಶೀನಪ್ಪ ನೋಡಲಿಲ್ಲ, ಹಿಂದೆ ನಿಂತಿದ್ದ ರಮಾನಾಥ ಬಸ್ಸು ತಾಗಿ ಬಿದ್ದ. ಶೀನಪ್ಪ ಒಳ್ಳೆಯವನು. ಅಂದಿನಿಂದ ದಿನಾ ಇವನ ಮನೆಯೆದುರು ಬಸ್ಸು ನಿಲ್ಲಿಸಿ, ಎರಡು ಸಲ ಹಾರ್ನ್ ಹೊಡೆದು, ಎಳನೀರಿನ ಒಂದು ಬೊಂಡ ಕೊಟ್ಟು ಹೋಗುತ್ತಿದ್ದ. ಕಾಲು ಮುರಿದದ್ದಕ್ಕಿಂತ ಬಸ್ಸು ತನಗಾಗಿ ನಿಲ್ಲುವುದೇ ರಮಾನಾಥನಿಗೆ ದೊಡ್ಡ ಸಂಗತಿಯಾಗಿಬಿಟ್ಟಿತ್ತು.

ಕಷ್ಟವೆಲ್ಲ ಹೆಂಡತಿ ಪ್ರೇಮಾವತಿಗೆ. ದಿನಕ್ಕೆ ಸಾವಿರ ಬೀಡಿ ಕಟ್ಟುತ್ತಿದ್ದವಳು ಗಂಡನ ಆರೈಕೆಯಲ್ಲಿ ಬೀಡಿ ಎಲೆಯ ಮೊರವಾದ ತಡ್ಪೆಯನ್ನು ಮುಟ್ಟಿಯೇ ಇರಲಿಲ್ಲ. ಊರಿಗೆಲ್ಲ ಅಕ್ಕಿ ಮುಡಿ ಕಟ್ಟಿದವನ ಮನೆಯಲ್ಲಿ ಗಂಜಿ ತೆಳ್ಳಗಾಯಿತು.

ನೆರೆಮನೆಯ ಮಹಮ್ಮದ್ ಕುಂಞಿ ಬಂಟ್ವಾಳದ ವಕೀಲರೊಬ್ಬರ ಗುಮಾಸ್ತ. ಮಂಗಳೂರಿನ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಲು ಅವನು ಹೇಳಿದ. ರಮಾನಾಥ ಒಪ್ಪಲಿಲ್ಲ.

"ಶೀನಪ್ಪನ ಹೊಟ್ಟೆಗೆ ಹೊಡೆಯಲಿಕ್ಕೆ ನನ್ನಿಂದಾಗುದಿಲ್ಲ ಮಾರಾಯ."

"ಹಣ ಶೀನಪ್ಪ ಕೊಡುದಲ್ಲ. ಬಸ್ಸಿನಿಂದ ಬೇರೆಯವರಿಗೆ ಗಾಯವಾದರೆ ಕೊಡಲಿಕ್ಕೆಂದೇ ಅದಕ್ಕೆ ವಿಮೆ ಮಾಡಿಸಬೇಕು ಅಂತ ಕಾನೂನು ಉಂಟು. ಬಸ್ಸಿನ ತಪ್ಪಾದರೆ ಆಸ್ಪತ್ರೆ ಖರ್ಚು ಮಾತ್ರ ಅಲ್ಲ, ಮನೆಯಲ್ಲಿ ಮಾಡಿದ ಆರೈಕೆಯದ್ದೂ ಕೇಳಬಹುದು. ಆದರೆ ಅರವತ್ತು ದಿನದೊಳಗೆ ಕೇಳಬೇಕು. ನಿನಗೆ ಉಳಿದದ್ದು ಎಂಟು."

ಆರೈಕೆಗೆ ಹಣವೆಂದಾಗ ರಮಾನಾಥನಿಗೆ ನಗು ಬಂತು. "ಹೆಂಡತಿ ಗಂಡನನ್ನು ನೋಡಿಕೊಂಡದ್ದಕ್ಕೆ ಕೂಲಿಯಾ? ಅವಳಿಗಾದರೂ ಮನೆಯಲ್ಲಿ ಎಂಥ ಕೆಲಸ?"

ಮರುದಿನ ಭಾನುವಾರ. ಕುಂಞಿ ಪ್ರೇಮಾವತಿಯನ್ನು ಅವಳ ತಂಗಿಯ ಮನೆಗೆ ಕಳಿಸಿ, ಆರೈಕೆಗೆ ತಾನೇ ಕೂತ. ರಮಾನಾಥ ಒಂದೊಂದು ಸಲ ಕರೆದಾಗಲೂ ಎದ್ದು ಹೋಗಿ, ತಡ್ಪೆಯಿಂದ ಒಂದೊಂದು ಬೀಡಿ ಎಲೆ ತೆಗೆದು ಮಂಚದ ಮೇಲಿಟ್ಟ. ನೀರಿಗೆ ಒಂದು, ದಿಂಬಿಗೆ ಒಂದು, ಬೆನ್ನು ತುರಿಸಲು ಮೂರು. ಅಡ್ಡಪಂಚೆ ಕಟ್ಟಿಕೊಂಡು ರಮಾನಾಥನನ್ನು ಎತ್ತಿ ಕೂರಿಸುವಷ್ಟರಲ್ಲಿ ಗುಮಾಸ್ತ ಕುಂಞಿಯ ಸೊಂಟವೇ ಹಿಡಿದುಕೊಂಡಿತು. ಊಟದ ಹೊತ್ತಿಗೆ ನಲವತ್ತಮೂರು ಎಲೆಗಳಾಗಿದ್ದವು.

ರಮಾನಾಥ ಆ ರಾಶಿಯನ್ನು ತಾನೇ ಇನ್ನೊಮ್ಮೆ ಎಣಿಸಿದ. ಐವತ್ತೆರಡು ದಿನ ಅವಳು ಹೀಗೆ ಎದ್ದಿದ್ದಾಳೆ, ಒಂದು ದಿನವೂ ತಾನು ಎಣಿಸಲಿಲ್ಲವಲ್ಲ ಎಂದು ಅವನಿಗೆ ನಿಜವಾಗಿ ನಾಚಿಕೆಯಾಯಿತು.

ಮರುದಿನ ಹಾರ್ನ್ ಕೇಳಿದಾಗ ಎದೆ ಗಟ್ಟಿಮಾಡಿಕೊಂಡು ಶೀನಪ್ಪನಿಗೆ ಅರ್ಜಿ ಹಾಕುವ ವಿಷಯ ಹೇಳಿದ. ಶೀನಪ್ಪ ಬೊಂಡ ಕೆಳಗಿಟ್ಟು ಮೆಟ್ಟಲಲ್ಲಿ ಕೂತ.

"ಬೊಂಡದಲ್ಲಿ ಕಾಲು ಸರಿಯಾಗುದಿಲ್ಲ ಅಂತ ನನಗೂ ಗೊತ್ತುಂಟು ರಮಾನಾಥಣ್ಣ. ಮಂಗಳೂರಿಗೆ ನಾನೇ ಕರ್ಕೊಂಡು ಹೋಗ್ತೇನೆ. ನೋಡದೆ ಬಸ್ಸು ಹಿಂದಕ್ಕೆ ತಂದೆ ಅಂತ ಅಲ್ಲಿ ಹೇಳ್ತೇನೆ ಸಹ."

ಹಾಗೆ ತನ್ನನ್ನು ಬೀಳಿಸಿದ ಬಸ್ಸಿನಲ್ಲೇ, ಮುಂದಿನ ಸೀಟಿನಲ್ಲಿ ಕಾಲು ನೀಡಿಕೊಂಡು ರಮಾನಾಥ ಅರ್ಜಿ ಕೊಡಲು ಹೋದ. ಕಂಡಕ್ಟರ್ ಮಾತ್ರ ಟಿಕೆಟ್ ಹರಿಯದೆ ಬಿಡಲಿಲ್ಲ. ಆರೈಕೆ ಮಾಡಿದವರು ಯಾರೆಂದು ನ್ಯಾಯಮಂಡಳಿಯಲ್ಲಿ ಕೇಳಿದಾಗ, ಪ್ರೇಮಾವತಿಯ ಹೆಸರನ್ನೂ ಅವಳ ಬೀಡಿ ಕೆಲಸ ನಿಂತದ್ದನ್ನೂ ಅವನೇ ಬರೆಸಿದ.

ತಿಂಗಳುಗಳೇ ಹಿಡಿದರೂ ಪರಿಹಾರ ಬಂತು, ಆರೈಕೆಯದ್ದೂ ಸೇರಿ ವಿಮಾ ಕಂಪೆನಿಯೇ ಕೊಟ್ಟಿತು. ಆ ಸಂಜೆ ಪ್ರೇಮಾವತಿ ತಡ್ಪೆ ಮಡಿಲಲ್ಲಿಟ್ಟು ಬೀಡಿ ಕಟ್ಟುತ್ತಿದ್ದಳು. ಒಳಗಿನಿಂದ "ಪ್ರೇಮಾ" ಎಂಬ ಕರೆ ಬಂತು. ಕುಂಞಿಯ ಎಲೆ ಲೆಕ್ಕದ ಸುದ್ದಿ ಕೇಳಿದ್ದ ಅವಳು ಏಳಲಿಲ್ಲ, ಒಂದು ಎಲೆ ತೆಗೆದು ಪಕ್ಕಕ್ಕಿಟ್ಟಳು. ಸ್ವಲ್ಪ ಹೊತ್ತಿಗೆ ರಮಾನಾಥ ಕುಂಟುತ್ತ ತಾನೇ ನೀರು ಕುಡಿಯಲು ಬಂದ.

ಓದುವ ಅಕ್ಕ ಅಣ್ಣಂದಿರೇ, ನಿಮಗೋ ನಿಮ್ಮವರಿಗೋ ಮೋಟಾರು ತಾಗಿ ಗಾಯವಾದರೆ ಅದರ ನಂಬರು ಬರೆದಿಡಿ, ಪೋಲೀಸರಿಗೆ ತಿಳಿಸಿ, ಆಸ್ಪತ್ರೆಯ ಚೀಟಿ ಬಿಸಾಡಬೇಡಿ. ಅರವತ್ತು ದಿನ ಕಳೆಯುವ ಮೊದಲು ಅರ್ಜಿ ಹಾಕಿ. ಅದರಲ್ಲಿ ನಿಮ್ಮನ್ನು ಎತ್ತಿ ಕೂರಿಸಿದವರ ಹೆಸರನ್ನು ಮರೆಯದೆ ಬರೆಸಿ.