ಪಿಯಾನೋದ ಪಾಳಿ

"ನಿನ್ನ ವಾಯ್ಲಿನ್ ಯಾಕ ಸುಮ್ನಾಯ್ತು?" ನರಸಿಂಗ ಮೊಬೈಲಿನತ್ತ ಬಾಗಿ ಕೇಳಿದ.

"ಈಗ ಪಿಯಾನೋದ ಪಾಳಿ ಕಾಕಾ," ಎಂದಳು ಆಮ್ರಪಾಲಿ. "ನಾ ಕೇಳಾಕತ್ತೀನಿ."

ಪುಣೆಯ ಸ್ಟುಡಿಯೋದಲ್ಲಿ ತಾನು ನುಡಿಸಿದ ಝೆಕ್, ರಷ್ಯನ್ ರಚನೆಗಳ ರೆಕಾರ್ಡಿಂಗನ್ನು ಮೊದಲು ಕಾಕಾನೇ ಕೇಳಬೇಕೆಂದು ಅಣ್ಣನ ಮಗಳು ಬಸವಕಲ್ಯಾಣದಿಂದ ಹುಮನಾಬಾದಿಗೆ ಬಂದಿದ್ದಳು. ನರಸಿಂಗ ಹಿಗ್ಗಿದ, ಹಿಗ್ಗುತ್ತಲೇ ತಪ್ಪು ಹುಡುಕಲು ಕೂತ.

ಹುಡುಗಿ ವಾಯ್ಲಿನ್ನಿನ ಕಮಾನು ಹಿಡಿದದ್ದೇ ಅವನಿದ್ದ ಭೀಮಗೀತೆಯ, ಎಂದರೆ ಜೈಭೀಮ್ ಹಾಡುಗಳ, ಮೇಳದಲ್ಲಿ, ಅವನ ಹಾರ್ಮೋನಿಯಂ ಪಕ್ಕದಲ್ಲಿ. ಅವಳ ಕೈ ಪಳಗಿದ ಮೇಲೆ, ಅವಳ ಕಮಾನು ಹೋದ ಕಡೆಗೆ ಅರ್ಧ ಉಸಿರು ತಡವಾಗಿ ತಲುಪುವುದು ಅವನ ಕೆಲಸ. ಸಭೆಯಲ್ಲಿ ಅವನ ಹೆಸರನ್ನು ಮೈಕಿನವನ ಹೆಸರಿಗಿಂತ ತುಸು ಮೊದಲು ಹೇಳುತ್ತಿದ್ದರು. ಸಾಥ್ ಕೊಡುವವನ ಬಾಳೇ ಅಷ್ಟು ಎಂದು ಅವನು ಎಂದೂ ಮುಖ ಗಂಟಿಕ್ಕಿದವನಲ್ಲ. ಈ ಪಿಯಾನೋ ನೋಡಿದರೆ ಗೌಡನ ಹಾಗೆ ಮುಂದೆ ನಡೆಯುತ್ತಿತ್ತು. ಆಮ್ರಪಾಲಿ ಮೆಲ್ಲಗೆ ಹಿಂದೆ ಬರುತ್ತಿದ್ದಳು. ಅದಕ್ಕಿಂತ ಕೆಟ್ಟದ್ದೆಂದರೆ, ಚೆನ್ನಾಗಿ ಬರುತ್ತಿದ್ದಳು.

"ಈ ಪಿಯಾನೋ ಯಾರು ನುಡಸ್ಯಾರ?"

"ಗಜಾಲಾ. ಹೈದರಾಬಾದಿನಾಕಿ."

"ಭಾಳ ಗದ್ದಲ ಮಾಡ್ತಾಳ."

"ಕಾಕಾ, ಅಕಿ ಅಲ್ಲಿ ಒಂದೇ ಬೆರಳಿಲೆ ನುಡಸ್ಯಾಳ!"

ಒಳಗೆ ರೊಟ್ಟಿ ತಟ್ಟುತ್ತಿದ್ದ ಹೆಂಡತಿ ದ್ರೌಪತಿ ಬಾಗಿಲಿಂದ ಅವನ ಮುಖ ಕಂಡು ಕೂಗಿದಳು: "ಮಾರಿ ಯಾಕ ಹಾಂಗ ಮಾಡೀರಿ? ಮನಿಗಿ ಸವತಿ ಬಂದಾಳೇನು?"

"ನೀ ರೊಟ್ಟಿ ನೋಡು," ಎಂದ ನರಸಿಂಗ. ಆಮ್ರಪಾಲಿಯ ನಗು ನಿಲ್ಲುವ ಮೊದಲೇ ಮಾತು ಜಾರಿತು: "ಅಕಿಗಿ ನಿಂತು ಹಾದಿ ಬಿಟ್ಟಿ. ನನಗ ಒಂದ್ಸಲರೆ ಬಿಟ್ಟಿದ್ದೇನವ್ವ?"

ಅವಳು ಮೊಬೈಲು ಆರಿಸಿದಳು. ಆಮೇಲೆ ಪೆಟ್ಟಿಗೆಯಿಂದ ವಾಯ್ಲಿನ್ ತೆಗೆದು ಶ್ರುತಿ ಮಾಡಿಕೊಂಡಳು.

"ನೀ ಕೇಳಿದ್ದೇ ಇಲ್ಲ ಕಾಕಾ. ಈಗ ಬಿಡ್ತೀನಿ. ನೀ ಶುರು ಮಾಡು, ನಾ ಹಿಂದ ಬರ್ತೀನಿ."

ನರಸಿಂಗ ಹಾರ್ಮೋನಿಯಂ ಎಳೆದುಕೊಂಡ. ಎಡಗೈ ತಿದಿಯೊತ್ತಿತು, ಬಲಗೈ ಸ್ವರದ ಮನೆಗಳ ಮೇಲೆ ಸಿದ್ಧವಾಯಿತು. ಹಾಡುಗಳೇನು ಕಡಿಮೆಯೇ? ರಾತ್ರಿ ಬೆಳಗಾಗುವಷ್ಟು ಬರುತ್ತಿದ್ದವು. ಆದರೆ ನೆನಪಾದ ಹಾಡುಗಳೆಲ್ಲ ಎರಡನೆಯ ಸ್ವರದಿಂದಲೇ ನೆನಪಾದವು. ಅವನು ಅವಳ ಕಮಾನು ನೋಡಿದ. ಕಮಾನು ತಂತಿಗೆ ತಾಕದೆ ಮೇಲೇ ನಿಂತಿತ್ತು. ಅವಳು ಅವನ ಬೆರಳು ನೋಡುತ್ತಿದ್ದಳು.

ಒಳಗೆ ರೊಟ್ಟಿಯ ಸದ್ದು ನಿಂತಿತು.

ತಿದಿಯಲ್ಲಿ ತುಂಬಿದ ಗಾಳಿ ಸ್ವರವಾಗದೆ ನಿಧಾನ ಸೋರಿಹೋಯಿತು. ಅವನು ಮತ್ತೆ ತಿದಿಯೊತ್ತಿದ.