ಎಡಗಡೆಯ ತುಕ್ಕು

ಮಾಂತೇಶ ಗಾಡಿಯ ಕೆಳಗೆ ಅಂಗಾತ ಮಲಗಿ ಚಾಸಿಯ ಟೊಳ್ಳು ಕಬ್ಬಿಣದ ತೊಲೆಗೆ ಸ್ಕ್ರೂಡ್ರೈವರ್ ಒತ್ತಿದ. ಹಪ್ಪಳಕ್ಕೆ ಚುಚ್ಚಿದ ಹಾಗೆ ಅದು ಹಿಡಿಯ ತನಕ ಒಳಗೆ ಹೋಯಿತು. ಹೊರಗೆಳೆದಾಗ ಕೆಂಪು ಪುಡಿ ಅವನ ಮುಖದ ಮೇಲೆಲ್ಲ ಸುರಿಯಿತು.

"ವೈನೀ, ಗಾಡಿ ಸತ್ತಂಗ ತಿಳೀರಿ," ಎಂದ, ಕಣ್ಣು ಮುಚ್ಚಿಕೊಂಡೇ. ಅಂದವನು ನಾಲಿಗೆ ಕಚ್ಚಿಕೊಂಡ.

ನಾಗರತ್ನಾಳ ಗಂಡ ಗೌರೀಶ ಕಾಮಾಲೆಯಿಂದ ತೀರಿಕೊಂಡು ಎರಡು ವರ್ಷ ದಾಟಿತ್ತು. ಅವನ ಜೊತೆ ಓದಿದ, ಅವಳನ್ನು ಅತ್ತಿಗೆಯೆಂದು ವೈನಿ ಅನ್ನುತ್ತಿದ್ದ ಮಾಂತೇಶ ಈಗ ಬೈಲಹೊಂಗಲದಲ್ಲಿ ಗ್ಯಾರೇಜು ಇಟ್ಟಿದ್ದ. ಅವಳೆದುರು ಸಾವಿನ ಮಾತು ಬಾಯಿಂದ ಜಾರಿದರೆ ಇಂದಿಗೂ ಬೆವರುತ್ತಿದ್ದ. ಅವಳಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಈ ಎರಡು ವರ್ಷದಲ್ಲಿ ಅವಳಿಗೆ ಯಾವುದರಿಂದಲೂ ಹೆಚ್ಚೇನೂ ಆಗಿರಲಿಲ್ಲ. ಊಟ ಬಂದರೆ ಉಣ್ಣುತ್ತಿದ್ದಳು, ಯಾರಾದರೂ ಕರೆದರೆ ತಿರುಗಿ ನೋಡುತ್ತಿದ್ದಳು. ಬೆಳಕು ಹರಿಯುವ ಮೊದಲು ಎದ್ದು ಮನೋಳಿಯ ಹೊಲಗಳ ಬದನೆ, ಹಸಿಮೆಣಸಿನಕಾಯಿ ಹೇರಿಕೊಂಡು ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಸಂತೆಗಳಿಗೆ ಗಂಡನ ಪಿಕಪ್ ಓಡಿಸುವುದೊಂದೇ ಅವಳನ್ನು ಹಾಸಿಗೆಯಿಂದ ಎಬ್ಬಿಸುತ್ತಿದ್ದ ಕೆಲಸ. ಧಾರವಾಡದಲ್ಲಿ ಕೆಮಿಸ್ಟ್ರಿ ಎಮ್ಮೆಸ್ಸಿ ಮಾಡಿದ ಹುಡುಗಿ ಬದನೆಕಾಯಿ ಹೇರುವುದೇನು ಎಂದು ರಾಮದುರ್ಗದ ಅಣ್ಣ ಫೋನು ಮಾಡಿದಾಗಲೆಲ್ಲ ಅನ್ನುತ್ತಿದ್ದ. "ಆ ಗಾಡಿ ಇರೋತನಕ ಅಲ್ಲಿರು. ಅದು ನಿಂತ ದಿನ ನಾ ಬಂದು ಕರಕೊಂಡ ಹೋಗಾಂವ," ಎಂಬುದು ಅವನ ಕೊನೆಯ ಮಾತು.

ಗಾಡಿ ನಿಲ್ಲುವ ದಿನ ಬಂದ ಹಾಗಿತ್ತು. ಬರುವ ತಿಂಗಳು ಆರ್‌ಟಿಓ ಆಫೀಸಿನಲ್ಲಿ ಪಾಸಿಂಗ್, ಅಂದರೆ ಗಾಡಿಯ ತಪಾಸಣೆ, ಇತ್ತು. ಚಾಸಿ ತೂತಾದ ಗಾಡಿಯನ್ನು ಯಾರೂ ಪಾಸು ಮಾಡುವುದಿಲ್ಲ.

ಆದರೂ ನಾಗರತ್ನಾ ಅದರ ಬಗ್ಗೆ ಕೇಳಲಿಲ್ಲ. ಮಂಡಿಯೂರಿ ಕೂತು ಕೆಳಗೆ ಇಣುಕಿದಳು. ಈ ಕಡೆ ನೋಡಿದಳು, ಆ ಕಡೆ ನೋಡಿದಳು.

"ಮಾಂತೇಶಣ್ಣಾ, ಎಡಗಡೆ ಅಷ್ಟ ಯಾಕ ತೂತು ಬಿದ್ದೈತಿ?"

"ಏನಂದ್ರಿ?"

"ಬಲಗಡೆ ಗಟ್ಟಿ ಕಾಣತೈತಿ. ಎರಡೂ ಒಂದ ಹಾದಿ ತುಳದಾವ, ಒಂದ ಮಳ್ಯಾಗ ತೊಯ್ದಾವ."

ಮಾಂತೇಶ ಎದ್ದು ಕೂತು ಮುಖ ಒರೆಸಿಕೊಂಡ. ಇಷ್ಟು ದಿನದಲ್ಲಿ ವೈನಿ ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು ಎಂಬುದು ಅವನಿಗೂ ಹೊಳೆದಿರಬೇಕು. ಉತ್ತರ ಗೊತ್ತಿಲ್ಲದಿದ್ದರೂ ಕೊಡಲೇಬೇಕೆಂದು ಹಟ ತೊಟ್ಟವನಂತೆ, "ನಾಯಿ," ಎಂದ. "ನಿಮ್ಮ ಓಣಿ ನಾಯಿಗೋಳು ಎಡಗಡೇನ ಕಾಲ ಎತ್ತತಾವು ನೋಡ್ರಿ ಬೇಕಾರ."

ಆಮೇಲೆ ಗಂಭೀರವಾಗಿ ಇನ್ನೊಂದು ಮಾತು ಹೇಳಿದ. ಈ ಮಾದರಿಯ ಗಾಡಿಯ ಚಾಸಿಗೆ ಏಳು ವರ್ಷ ವಾರಂಟಿ ಇದೆ, ಗೌರೀಶನ ಗಾಡಿಗೆ ಇನ್ನೂ ಆರು ತುಂಬಿಲ್ಲ. "ಒಳಗಿಂದ ತುಕ್ಕ ಹಿಡದು ತೂತ ಬಿದ್ದಿದ್ದರ ಕಂಪನಿಯವರು ಇಡೀ ಚಾಸಿನ ಹೊಸಾದು ಹಾಕಿ ಕೊಡತಾರ. ನಾವ ಏನರ ಮಾಡಿ ಕೆಡಿಸೇವಿ ಅಂತ ಗೊತ್ತಾತಂದ್ರ, ಗೊಬ್ಬರಾ, ಉಪ್ಪು, ಮೀನಾ ಹೇರಿದ್ರಿ ಅಂತಂದ್ರ, ನಮಸ್ಕಾರ ಹೇಳಿ ಕಳಸತಾರ."

"ನಾವು ಬದನಿಕಾಯಿ ಬಿಟ್ಟು ಏನೂ ಹೇರಿಲ್ಲಲ್ಲ."

"ಮತ್ತ್ಯಾಕ ಅಂಜತೀರಿ? ಕಿತ್ತೂರಿಗೆ ಹೋಗ್ರಿ."

ನಾಗರತ್ನಾ ಅಂಜಿರಲಿಲ್ಲ. ಎರಡು ಮುಂಜಾನೆ ಕಿಟಕಿಯಲ್ಲಿ ನಿಂತು ಓಣಿಯ ನಾಯಿಗಳನ್ನು ಕಾದು ನೋಡಿದಳು. ಅವು ಬಲಗಡೆಯ ಹಿಂದಿನ ಗಾಲಿಗೆ ಕಾಲೆತ್ತುತ್ತಿದ್ದವು. ಗಾಡಿಯ ಎಡಭಾಗ ಯಾವಾಗಲೂ ಮನೆಯ ಕಟ್ಟೆಗೆ ಒತ್ತಿಕೊಂಡು ನಿಂತಿರುತ್ತಿತ್ತು. ನಾಯಿಗೆ ಅಲ್ಲಿ ಜಾಗವೇ ಇರಲಿಲ್ಲ.

ಕಿತ್ತೂರಿನ ಹೆದ್ದಾರಿ ಪಕ್ಕದ ಶೋರೂಮಿನಲ್ಲಿ ವಾರಂಟಿ ನೋಡುವವನು ಮಧು ಎಂಬ ತುಮಕೂರು ಕಡೆಯ ಎಂಜಿನಿಯರ್. ಎಡಗಡೆಗೆ ಸಣ್ಣ ಸುತ್ತಿಗೆಯಿಂದ ತಟ್ಟಿ, ತೂತಿಗೆ ಬೆರಳು ಹಾಕಿ, ತಲೆಯಾಡಿಸಿದ.

"ತೂತೇನೋ ದೊಡ್ಡದೇ ಮೇಡಂ. ಆದ್ರೆ ಒಳಗೆ ಕ್ಯಾಮೆರಾ ಬಿಟ್ಟು ನೋಡದೆ ನಾನೇನೂ ಹೇಳಕ್ಕಾಗಲ್ಲ. ಕ್ಯಾಮೆರಾ ಹುಬ್ಬಳ್ಳಿಗೆ ಹೋಗಿದೆ. ಸೋಮವಾರ ತಗೊಂಡು ಬನ್ನಿ."

ಸೋಮವಾರದ ತನಕ ಕಾಯುವುದು ನಾಗರತ್ನಾಳಿಂದ ಆಗಲಿಲ್ಲ. ಮನೆಗೆ ಬಂದವಳೇ ಗಾಡಿಯನ್ನು ಕಟ್ಟೆಯಿಂದ ದೂರ ನಿಲ್ಲಿಸಿ, ಗೋಣಿತಟ್ಟು ಹಾಸಿ ಕೆಳಗೆ ಮಲಗಿದಳು. ಮೊಬೈಲಿನ ಬೆಳಕು ಬಿಟ್ಟು ತೂತಿನಲ್ಲಿ ಕಣ್ಣಿಟ್ಟಳು. ಒಳಗೆ ಏನೋ ಇತ್ತು. ತಂತಿಯ ತುದಿ ಬಗ್ಗಿಸಿ ಕೊಕ್ಕೆ ಮಾಡಿ ಎಳೆದಳು.

ಬಂದದ್ದು ಒಂದು ಅರಿವೆಯ ಗಂಟು. ಸಣ್ಣ ನಿಂಬೆಕಾಯಿಯಷ್ಟು, ತುಕ್ಕಿನ ಬಣ್ಣಕ್ಕೆ ತಿರುಗಿದ್ದು, ಮಳೆ ನಿಂತು ತಿಂಗಳುಗಳಾಗಿದ್ದರೂ ಒದ್ದೆ. ಬಿಚ್ಚಿದಳು. ಕರಗಿ ಗಟ್ಟಿಯಾದ ಬಿಳಿ ಹರಳು, ಕಪ್ಪಾದ ಒಣಮೆಣಸಿನಕಾಯಿ, ಸಾಸಿವೆ. ಹರಳು ಏನೆಂದು ನೋಡಿದೊಡನೆ ತಿಳಿಯಿತು. ಆದರೂ ಬೆರಳ ತುದಿಗೆ ಹಚ್ಚಿ ನಾಲಿಗೆಗೆ ಇಟ್ಟಳು. ಉಪ್ಪು.

ಮತ್ತೆ ತಂತಿ ಹಾಕಿದಳು. ಇನ್ನೊಂದು ಬಂತು, ಮತ್ತೊಂದು ಬಂತು, ಬರುತ್ತಲೇ ಇದ್ದವು. ಒಳಗಿನವು ಗೌರೀಶನ ಚೌಕಳಿ ಲುಂಗಿಯ ತುಂಡುಗಳಲ್ಲಿ ಕಟ್ಟಿದವು. ಎಲ್ಲಕ್ಕಿಂತ ಮೊದಲು ಕೈಗೆ ಬಂದ, ಇನ್ನೂ ಹೊಸದಾಗಿದ್ದ ಗಂಟುಗಳ ಬಟ್ಟೆ ಬೇರೆ. ಒಂದನ್ನು ಬಕೆಟ್ಟಿನ ನೀರಿನಲ್ಲಿ ತೊಳೆದಳು. ತುಕ್ಕಿನ ಕೆಳಗಿಂದ ಹಳದಿ ಬಣ್ಣ, ಅದರ ಮೇಲೆ ನೀಲಿ ಚುಕ್ಕೆ ಕಾಣಿಸಿದವು.

ಅದು ಅವಳ ದುಪಟ್ಟಾ. ಮೊದಲ ಸಲ ಒಬ್ಬಳೇ ರಾಮದುರ್ಗಕ್ಕೆ ಗಾಡಿ ಓಡಿಸಿಕೊಂಡು ಹೋದ ದಿನ ಬಾಗಿಲಿಗೆ ಸಿಕ್ಕಿ ಹರಿದಿತ್ತು. ಗೌರೀಶ ಹೋಗಿ ಆಗಲೇ ಆರು ತಿಂಗಳಾಗಿತ್ತು.

ಅತ್ತೆ ಗುರುಬಸವ್ವ ಕಟ್ಟೆಯ ಮೇಲೆ ಕಾಲು ಚಾಚಿ ಅವರೆಕಾಯಿ ಬಿಡಿಸುತ್ತಿದ್ದಳು. ಮನೆಯಲ್ಲಿ ಇದ್ದವರು ಇವರಿಬ್ಬರೇ. ಜಗಳವಿರಲಿಲ್ಲ, ಮಾತೂ ಇರಲಿಲ್ಲ. ನಾಗರತ್ನಾ ಒದ್ದೆ ಬಟ್ಟೆಯನ್ನು ಅವಳ ಮುಂದೆ ಹಿಡಿದಳು.

"ಅತ್ತೀ, ಇದೇನ್ರಿ?"

ಗುರುಬಸವ್ವ ಓರೆಗಣ್ಣಿನಲ್ಲಿ ನೋಡಿದಳು. "ನೆದರಿಂದು, ಮಂದಿ ಕಣ್ಣ ಹತ್ತಬಾರದಂತ. ಹೊರಗ್ಯಾಕ ತಗದಿ? ಹೊಳ್ಳಿ ಅಲ್ಲೇ ಇಡು."

"ಯಾವಾಗಿಂದ ಇಡಾಕ ಹತ್ತೀರಿ?"

"ಗಾಡಿ ಮನಿಗೆ ಬಂದಾಗಿಂದ. ಪ್ರತಿ ಅಮಾಸಿಗೆ. ಉಪ್ಪು ನಿವಾಳಿಸಿ ಅರ್ಧ ಒಲಿಗೆ, ಅರ್ಧ ಗಾಡಿಗೆ. ನಮ್ಮ ತವರಮನ್ಯಾಗ ಎತ್ತಿನ ಚಕ್ಕಡಿಗೆ ಹಂಗ ಮಾಡತಿದ್ದರು. ಕಟಿಗ್ಯಾಗ ತೂತ ಕೊರದು ಉಪ್ಪಿನ ಗಂಟ ತುರಕತಿದ್ದರು. ನಮ್ಮಪ್ಪನ ಚಕ್ಕಡಿ ಒಮ್ಮೇರ ಉರುಳಿದ್ದು ನಾ ಕಂಡಿಲ್ಲ." ಅವಳು ಕೂತಲ್ಲಿಂದಲೇ ಕೈ ಚಾಚಿ ತೋರಿಸಿದಳು. "ಇದಕೂ ಕಂಪನಿಯವರು ತೂತ ಇಟ್ಟಾರಲ್ಲ, ಗುಂಡಂದು. ಇಲ್ಲೇ ಕುಂತರ ಕೈಗೆ ಸಿಗತಿತ್ತು."

"ಗೌರೀಶ ಹೋದ ಮ್ಯಾಲೂ ಇಟ್ಟೀರಿ?"

"ಗಾಡಿ ನಿಂತಿತ್ತೇನು?"

ಆ ಎರಡು ವರ್ಷದಲ್ಲಿ ಓಣಿಯ ಮದುವೆ, ಮುಂಜಿ, ತೊಟ್ಟಿಲು ಯಾವುದಕ್ಕೂ ಅವಳನ್ನು ಯಾರೂ ಮುಂದೆ ಕರೆದಿರಲಿಲ್ಲ.

"ನನಗ ಯಾರ ನೆದರ ಹತ್ತತೈತ್ರಿ, ಅತ್ತೀ?"

"ಹುಚ್ಚಿ! ರಾಮದುರ್ಗದ ಸಂತ್ಯಾಗ ನೀ ಗಾಡಿ ರಿವರ್ಸ್ ತಗೊಳ್ಳೂದು ನೋಡಾಕ ಗಂಡಸರು ಕೈಯಾಗಿನ ಚಾ ಬಿಟ್ಟು ಎದ್ದ ನಿಂದರತಾರಂತ. ನಮ್ಮ ಓಣಿ ಲಗಮವ್ವ ಕಣ್ಣಾರೆ ನೋಡಿ ಬಂದು ಹೇಳ್ಯಾಳ. ಹೊಟ್ಟಿ ಉರಕೊಂಡು ನಿಂದರೂದು ನೆದರಲ್ಲದ ಮತ್ತೇನ, ಆರತೀನ?"

ನಾಗರತ್ನಾಳಿಗೆ ನಗು ಬಂತು. ಆದರೂ ಹೇಳಬೇಕಾದ ಮಾತು ಉಳಿದಿತ್ತು.

"ಅತ್ತೀ, ಉಪ್ಪಿಗೆ ಕಬ್ಬಣ ಜಲ್ದಿ ತುಕ್ಕ ಹಿಡೀತೈತ್ರಿ."

"ಚಕ್ಕಡಿಗೆ ಏನೂ ಆಗಿದ್ದಿಲ್ಲ."

"ಅದು ಕಟಿಗೀದು."

ಗುರುಬಸವ್ವಳ ಬೆರಳು ಕಾಯಿಯ ಮೇಲೆ ನಿಂತುಬಿಟ್ಟಿತು. ಬಿಡಿಸಿದ ಕಾಳು, ಸಿಪ್ಪೆ ಎರಡನ್ನೂ ನೋಡಿದಳು. "ಹಂಗಾರ ಗಾಡಿ ನಾನ ಹಾಳ ಮಾಡಿದ್ನೇನು?"

"ಅದು ಇನ್ನ ಗೊತ್ತಿಲ್ಲರಿ. ಉಪ್ಪು ಇರದಿದ್ದರೂ ತುಕ್ಕ ಹಿಡಿತಿತ್ತೋ ಏನೋ. ಬಲಗಡೆ ಒಳಗ ನೋಡಿದರ ಗೊತ್ತಾಗತೈತಿ. ಅಲ್ಲೆ ನೀವು ಇಟ್ಟಿಲ್ಲಲ್ಲ?"

"ಇಲ್ಲವ್ವಾ." ಗುರುಬಸವ್ವ ದನಿ ತಗ್ಗಿಸಿದಳು. "ಕಂಪನಿಯವನ ಮುಂದ ಮಾತ್ರ ಉಪ್ಪಿನ ಸುದ್ದಿ ತಗೀಬ್ಯಾಡ. ಮೊದಲ ಗಾಡಿ ಸುದ್ದ ಆಗಲಿ."

ಸೋಮವಾರ ಗುರುಬಸವ್ವ ತಾನೂ ಬರುತ್ತೇನೆಂದು ಗಾಡಿ ಹತ್ತಿ ಕೂತಳು. ಗಾಡಿಯ ಹೊಟ್ಟೆಯೊಳಗೆ ಕ್ಯಾಮೆರಾ ಬಿಡುವುದನ್ನು ತಾನು ನೋಡಲೇಬೇಕಂತೆ. ದಾರಿಯಲ್ಲಿ ನಾಗರತ್ನಾಳ ತಲೆಯಲ್ಲಿ ಒಂದೇ ವಿಚಾರ. ಬಲಗಡೆಗೆ ತೂತಿಲ್ಲ, ಇರುವ ಗುಂಡನೆಯ ಕಿಂಡಿಗೆ ಡೀಸೆಲ್ ಟ್ಯಾಂಕು ಅಡ್ಡ, ಅವಳ ಮೊಬೈಲು ಅಲ್ಲಿಗೆ ಮುಟ್ಟುವುದಿಲ್ಲ. ಕ್ಯಾಮೆರಾ ಮುಟ್ಟುತ್ತದೆ. ಆದರೆ ಬಲಗಡೆ ನೋಡಿ ಎಂದರೆ ಮಧು ಯಾಕೆ ಎಂದು ಕೇಳದೆ ಇರುತ್ತಾನೆಯೇ? ಸುಮ್ಮನಿದ್ದರೆ ಎಡಗಡೆಯ ತೂತೊಂದಕ್ಕೇ ಹೊಸ ಚಾಸಿ ಸಿಗಬಹುದು. ಗಂಟುಗಳನ್ನೆಲ್ಲ ಅವಳು ತೆಗೆದಾಗಿತ್ತು.

ಮಧು ಬೆರಳುಗಾತ್ರದ ನಳಿಗೆಯ ತುದಿಯ ಕ್ಯಾಮೆರಾವನ್ನು ಎಡಗಡೆಯ ತೂತಿನೊಳಗೆ ಬಿಟ್ಟ. ಸಣ್ಣ ಪರದೆಯ ಮೇಲೆ ಕೆಂಪು ಗವಿಯೊಂದು ತೆರೆದುಕೊಂಡಿತು. ಮೂವರೂ ತಲೆ ತಲೆ ತಾಗಿಸಿ ನೋಡಿದರು. ಗವಿಯ ನೆಲದ ಮೇಲೆ ಬಿಳಿ ಹಕ್ಕಳೆ. ಅದರಲ್ಲಿ ಅಂಟಿಕೊಂಡು, ಬೆಳಕಿಗೆ ಹೊಳೆಯುತ್ತ, ಸಣ್ಣ ಸಣ್ಣ ಗುಂಡುಗಳು.

"ಇದೇನಿದು?" ಮಧು ಕಣ್ಣು ಕಿರಿದು ಮಾಡಿದ. "ಸಾಸಿವೆ ಥರ ಇದೆಯಲ್ಲ? ಸಾಸಿವೆ ಲೋಡ್ ಮಾಡ್ತಿದ್ರಾ ಮೇಡಂ?"

ಗುರುಬಸವ್ವ ಹೆದ್ದಾರಿಯಲ್ಲಿ ಹೋಗುವ ಲಾರಿಗಳನ್ನು ಎಣಿಸುವವಳ ಹಾಗೆ ಆಚೆ ತಿರುಗಿದಳು. ಹೌದು ಎಂದರೆ ಮುಗಿಯುತ್ತಿತ್ತು. ಸಾಸಿವೆ ಹೇರಬಾರದೆಂದು ವಾರಂಟಿಯಲ್ಲಿ ಎಲ್ಲಿಯೂ ಇರಲಿಲ್ಲ.

"ಇಲ್ಲರಿ," ಎಂದಳು ನಾಗರತ್ನಾ. "ನೆದರ ತಗದ ಉಪ್ಪು, ಸಾಸಿವಿ. ಪ್ರತಿ ಅಮಾಸಿಗೆ ಇದರೊಳಗ ಇಟ್ಟೀವಿ."

ಮಧು ಕ್ಯಾಮೆರಾ ಹಿಡಿದ ಕೈಯನ್ನು ಕೆಳಗಿಳಿಸಿದ. "ಉಪ್ಪಾ? ಚಾಸಿ ಒಳಗಾ?"

"ಹೌದ್ರಿ."

"ಹಂಗಾದ್ರೆ ವಾರಂಟಿ ಬರಲ್ಲ ಮೇಡಂ. ನೀವು ಹೇಳಬಾರದಿತ್ತು. ಹೇಳದೆ ಇದ್ರೂ ಈ ಬಿಳಿದು ನೋಡಿ ನಾನೇ ಕೇಳ್ತಿದ್ದೆ, ಅದು ಬೇರೆ ಮಾತು."

"ಬಲಗಡೆ ನೋಡ್ರಿ."

"ಬಲಗಡೆ ತೂತಿಲ್ವಲ್ಲ."

"ಬಲಗಡೆ ಉಪ್ಪು ಹಾಕಿಲ್ಲ. ಉಪ್ಪ ಇಲ್ಲದ ಕಡೆ ಒಳಗ ಹೆಂಗೈತಿ ಅಂತ ನೋಡಬೇಕು. ಛಲೋ ಇದ್ದರ ತಪ್ಪು ನಮ್ಮದು, ಗಾಡಿ ತಗೊಂಡು ಹೊಕ್ಕೇವಿ. ಆದರ ನೋಡ್ರಿ."

ಅವಳ ದನಿಯಲ್ಲಿ ಬೇಡಿಕೆ ಇರಲಿಲ್ಲ. ನಿಜವಾಗಿಯೂ ಅವಳಿಗೆ ಅದನ್ನು ನೋಡಬೇಕಾಗಿತ್ತು. ಗಾಡಿ ಹೋದರೆ ಹೋಗಲಿ, ನೋಡದೆ ಹೋಗಬಾರದು ಎಂಬಂತೆ ನಿಂತಿದ್ದಳು. ಮಧು ಒಂದು ಗಳಿಗೆ ಅವಳ ಮುಖ ನೋಡಿದ; ಆಮೇಲೆ ಅವನಿಗೂ ಆ ಹುಳ ಹೊಕ್ಕಿತು. ಟ್ಯಾಂಕಿನ ಬೋಲ್ಟು ಸಡಿಲಿಸಿ, ಬಲಗಡೆಯ ಕಿಂಡಿಗೆ ನಳಿಗೆ ಬಿಟ್ಟ.

ಪರದೆಯ ಮೇಲೆ ಮತ್ತೊಂದು ಗವಿ. ಇಲ್ಲಿ ಬಿಳುಪಿರಲಿಲ್ಲ, ಸಾಸಿವೆಯಿರಲಿಲ್ಲ. ಆದರೆ ಒಳಗಿನ ಕಬ್ಬಿಣಕ್ಕೆ ಬಣ್ಣವೇ ಮುಟ್ಟಿರಲಿಲ್ಲ. ಕಾರ್ಖಾನೆಯಲ್ಲಿ ಬಳಿದ ಕರಿ ಬಣ್ಣ ಕಿಂಡಿಯ ಅಂಚಿಗೇ ನಿಂತುಬಿಟ್ಟಿತ್ತು. ಮುಂದೆಲ್ಲ ತುಕ್ಕು, ಹಳೆಯ ಗೋಡೆಯ ಸುಣ್ಣದ ಹಾಗೆ ಪದರು ಪದರಾಗಿ ಎದ್ದಿತ್ತು. ಮಧು ಸುತ್ತಿಗೆ ತೆಗೆದುಕೊಂಡ. ಬಲಗಡೆಗೆ ಒಂದು ತಟ್ಟಿದ. ಠಣ್ ಎನ್ನಬೇಕಾದದ್ದು ಡಬ್ ಎಂದಿತು. ಇನ್ನೊಂದು ಸಲ ತುಸು ಜೋರಾಗಿ ತಟ್ಟಿದ. ಸುತ್ತಿಗೆಯ ಮೂತಿ ಒಳಗೇ ಹೋಯಿತು.

ಕೆಂಪು ಪುಡಿ ಕೆಳಗೆ ಉದುರುತ್ತಿತ್ತು.

"ಅಜ್ಜಿ," ಎಂದ ಮಧು ಕೊನೆಗೆ, "ನಿಜ ಹೇಳಿ. ಈ ಕಡೆ ಒಂದ್ಸಲಾನೂ ಉಪ್ಪು ಇಟ್ಟಿಲ್ವಾ?"

ಗುರುಬಸವ್ವಳಿಗೆ ಸಿಟ್ಟೇ ಬಂತು. "ಏ ತಮ್ಮಾ, ನನ್ನ ಮೊಣಕಾಲ ನೋಡು. ಕಟ್ಟಿ ಇಳದು, ಗಾಡಿ ಸುತ್ತು ಹಾಕಿ, ಆ ಮಗ್ಗಲಕ ಹೋಗಿ ಬಗ್ಗಾಕ ನನಗ ಆಗಿದ್ದರ ಇಷ್ಟೊತ್ತಿಗೆ ಅಲ್ಲೂ ಇಟ್ಟಿರತಿದ್ದೆ!"

ಮಧು ನಕ್ಕುಬಿಟ್ಟ. ಬಲಗಡೆಯ ಫೋಟೋಗಳನ್ನು ಬಗೆಬಗೆಯಾಗಿ ತೆಗೆದುಕೊಂಡ. ಎಡಗಡೆ ಉಪ್ಪು ಇತ್ತು, ಬಲಗಡೆ ಇರಲಿಲ್ಲ, ಎರಡೂ ತೂತಾಗಿವೆ ಎಂದು ಇದ್ದದ್ದನ್ನು ಇದ್ದ ಹಾಗೆ ಮೇಲಿನವರಿಗೆ ತಿಳಿಸುತ್ತೇನೆ ಎಂದ. "ಎಡಗಡೆ ಮಾತ್ರ ನೋಡಿದ್ರೆ ನಾನು ಆಗಲ್ಲ ಅಂತಾನೇ ಬರೀತಿದ್ದೆ ಮೇಡಂ," ಎಂದೂ ಸೇರಿಸಿದ. "ನೀವು ಏನು ಓದಿದೀರಾ?"

ಒಂದು ತಿಂಗಳಾದ ಮೇಲೆ ಕಂಪನಿ ಒಪ್ಪಿತು. ಅಷ್ಟರ ತನಕ ಗಾಡಿ ಶೋರೂಮಿನಲ್ಲೇ ನಿಂತಿತ್ತು. ಪಾಸಿಂಗಿನ ದಿನ ಮೀರಿತೆಂದು ಅಣ್ಣ ಕರೆಯಲು ಬಂದ. ಚಹಾ ಕುಡಿದ. "ಗಾಡಿ ನಿಂತಿಲ್ಲಪಾ, ದವಾಖಾನ್ಯಾಗ ಐತಿ," ಎಂದು ಗುರುಬಸವ್ವ ಹೇಳಿದ ಮೇಲೆ ಒಬ್ಬನೇ ತಿರುಗಿ ಹೋದ.

ಹೊಸ ಚಾಸಿಯ ಮೇಲೆ ಹಳೆಯ ಕ್ಯಾಬಿನ್ ಕೂರಿಸಿಕೊಂಡು ಪಿಕಪ್ ಮನೋಳಿಗೆ ಬಂದು ಕಟ್ಟೆಗೆ ಒತ್ತಿ ನಿಂತ ವಾರದಲ್ಲೇ ಅಮಾವಾಸ್ಯೆ ಬಂತು. ಸಂಜೆ ಗುರುಬಸವ್ವ ಮುಷ್ಟಿಯಲ್ಲಿ ಉಪ್ಪು, ಸಾಸಿವೆ, ಮೆಣಸಿನಕಾಯಿ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತಳು. ಗಾಡಿ ನೋಡಿದಳು, ಮುಷ್ಟಿ ನೋಡಿದಳು.

"ಈಗ ಎಲ್ಲೆ ಇಡ್ಲಿ?"

ನಾಗರತ್ನಾ ಒಳಗಿನಿಂದ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಂದಳು. ಗೌರೀಶ ಹೊಲಕ್ಕೆ ಉಪ್ಪಿನಕಾಯಿ ಒಯ್ಯುತ್ತಿದ್ದ ಡಬ್ಬಿ. "ಇದರಾಗ ಹಾಕ್ರಿ. ಕ್ಯಾಬಿನದಾಗ ನನ್ನ ಕಣ್ಣಮುಂದ ಇರತೈತಿ. ಆದರ ಮೊದಲ ನನಗ ತಗೀರಿ. ಗಾಡಿಗಷ್ಟ ಯಾಕ?"

ಗುರುಬಸವ್ವ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು, ತಲೆಯಿಂದ ಪಾದದ ತನಕ ಮುಷ್ಟಿ ಇಳಿಸಿದಳು. ಬಾಯಲ್ಲಿ ಲಗಮವ್ವನ ಕಣ್ಣು, ಸಂತೆಯ ಗಂಡಸರ ಕಣ್ಣು ಎಂದೆಲ್ಲ ಗೊಣಗಿದಳು. ಅರ್ಧವನ್ನು ಡಬ್ಬಿಗೆ ಹಾಕಿ, ಒಳಗೆ ಹೋಗಿ ಉಳಿದರ್ಧವನ್ನು ಒಲೆಗೆ ಚೆಲ್ಲಿದಳು. ಉಪ್ಪು ಚಟಪಟ ಸಿಡಿಯಿತು.

ನೆದರಿದ್ದರೆ ಮೆಣಸಿನಕಾಯಿಯ ಘಾಟು ಬರುವುದಿಲ್ಲವಂತೆ. ಹೌದೋ ಅಲ್ಲವೋ ನೋಡೋಣವೆಂದು ನಾಗರತ್ನಾ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಮೂಗು ಮುಂದೆ ಮಾಡಿದಳು. ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಎಲ್ಲೈತಿ ಘಾಟ?" ಎಂದಳು ಗುರುಬಸವ್ವ, ಕೆಮ್ಮು ನುಂಗುತ್ತ. "ಏನೂ ಇಲ್ಲ. ಅಷ್ಟ ನೆದರ ಇತ್ತು ನಿನಗ."

ನಾಗರತ್ನಾ ಕೆಮ್ಮಿದಳು. ಕೆಮ್ಮುತ್ತಲೇ ನಕ್ಕಳು. ಆಮೇಲೆ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ತಿರುವಿ, ಬೆಳಿಗ್ಗೆಯ ಬದನೆಕಾಯಿಗೆ ಬುಟ್ಟಿ ಹೊಂದಿಸಲು ಗಾಡಿಯ ಕಡೆ ನಡೆದಳು.